ತೊಟ್ಟಿಕ್ಕದ ಶಾಫ್ಟು

ಗುರುವಾರ ದೋಣಿಮನೆಯ ತಪಾಸಣೆಗೆ ಪೇಟೆಯ ಕೌನ್ಸಿಲ್‌ನ ಹೆಂಗಸು ಬರುವುದರೊಳಗೆ ದೋಣಿಯ ತಳ ಒಣಗಿರಬೇಕು, ಇಲ್ಲವಾದರೆ ಕ್ಲೆಮ್‌ನನ್ನು ಪೇಟೆಯ ವೃದ್ಧಾಶ್ರಮಕ್ಕೆ ಸಾಗಿಸುತ್ತಾರೆ. ಗ್ವೆಂಡಾಳ ತಲೆಯನ್ನು ಎರಡು ವಾರದಿಂದ ಇದೊಂದೇ ಕೊರೆಯುತ್ತಿತ್ತು. ಲಕ್ವ ಹೊಡೆದು ಗಂಡ ಕ್ಲೆಮ್‌ನ ಎಡಭಾಗ ಬಿದ್ದುಹೋಗಿ ಎಂಟು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಇಬ್ಬರೂ ಕಾಲುವೆಯ ಮೇಲೆ, ದೋಣಿಯಲ್ಲೇ ಬಾಳಿದವರು. ನೆಲದ ಮೇಲೆ ಅವರಿಗೆ ಗೇಣು ಜಾಗವಿರಲಿಲ್ಲ.

ನೀರು ಬರುತ್ತಿದ್ದುದು ಹಿಂದುಗಡೆ, ದೋಣಿಯನ್ನು ಮುಂದೂಡುವ ಫ್ಯಾನಿನ ಶಾಫ್ಟು, ಅಂದರೆ ತಿರುಗುವ ಕಬ್ಬಿಣದ ದಂಡ, ದೋಣಿಯಿಂದ ಹೊರಗೆ ಹೋಗುವ ತೂತಿನಲ್ಲಿ. ಅಲ್ಲಿ ಗ್ರೀಸು ಮೆತ್ತಿದ ಹಗ್ಗವನ್ನು ಶಾಫ್ಟಿನ ಸುತ್ತ ಬಳೆ ಬಳೆಯಾಗಿ ತುರುಕಿ, ನಟ್ಟು ಬಿಗಿದು ನೀರು ತಡೆಯುತ್ತಾರೆ. ಹಗ್ಗ ಸವೆದಿರಬೇಕು, ಹೊಸದು ಹಾಕಿದರಾಯಿತು ಎಂದುಕೊಂಡಳು. ದೋಣಿಯನ್ನು ನೀರಿನಿಂದ ಮೇಲೆತ್ತುವ ಕಟ್ಟೆ, ಕಾಲುವೆಯ ನೀರು ಏರಿಸಿ ಇಳಿಸುವ ಮುಂದಿನ ಲಾಕ್‌ಗೇಟಿನಾಚೆ; ಆ ಗೇಟು ರಿಪೇರಿಗೆಂದು ಮಾರ್ಚಿನವರೆಗೆ ಮುಚ್ಚಿತ್ತು. ಏನು ಮಾಡುವುದಿದ್ದರೂ ನೀರಲ್ಲೇ ಮಾಡಬೇಕು.

ಅವಳು ಎಂಜಿನ್ ಗುಂಡಿಯಲ್ಲಿ ಬೋರಲು ಮಲಗಿ ನಟ್ಟು ಸಡಿಲಿಸಿದಳು.

“ಚಿಂದಿ ಕೈಯಲ್ಲೇ ಇಟ್ಕೋ, ನೀರು ನುಗ್ಗುತ್ತೆ,” ಕ್ಲೆಮ್ ಒಳಗಿನ ಮಂಚದಿಂದ ಹೇಳಿದ. ಮಾತು ತೊದಲುತ್ತಿತ್ತು, ಯಜಮಾನಿಕೆ ಮಾತ್ರ ಹಾಗೇ ಇತ್ತು.

“ಮಲಗಿದ್ರೂ ಬಾಯಿಗೇನೂ ಕಮ್ಮಿ ಇಲ್ಲ ನೋಡು.”

“ಅದೊಂದೇ ಅಲ್ವಾ ಉಳಿದಿರೋದು.”

ಕೊಕ್ಕೆ ಹಾಕಿ ಒಂದೊಂದೇ ಬಳೆ ಎಳೆದಳು. ಕೊನೆಯದು ಸುಟ್ಟು ಕರಕಲಾಗಿತ್ತು. ಅದು ಬಂದದ್ದೇ ತಡ, ಜನವರಿಯ ನೀರು ಮೊಣಕೈವರೆಗೂ ಚಿಮ್ಮಿತು. ಚಿಂದಿ ಒತ್ತಿ ಹಿಡಿದು ಶಾಫ್ಟಿನ ಮೇಲೆ ಬೆರಳಾಡಿಸಿದಳು. ಬೆರಳು ನಿಂತುಬಿಟ್ಟಿತು.

“ಕ್ಲೆಮ್, ಕಬ್ಬಿಣನೇ ಸವೆದಿದೆ. ಸುತ್ತ ಕಾಲುವೆ ತೋಡಿದ ಹಾಗಿದೆ, ಉಗುರು ಪೂರ್ತಿ ಇಳಿಯುತ್ತೆ.”

ಒಳಗಿಂದ ಕ್ಲೆಮ್, “ಗೊತ್ತು,” ಎಂದ.

ದೋಣಿಯವರ ಒಣ ಜಂಬ ಇದು, ಹೇಳಿದರೆ ನಾಚಿಕೆಗೇಡು. ಎಂಜಿನ್ ಓಡುವಾಗ ಆ ಹಗ್ಗದಿಂದ ಹನಿ ಹನಿ ನೀರು ತೊಟ್ಟಿಕ್ಕಲೇಬೇಕು, ಅದರಿಂದಲೇ ಶಾಫ್ಟು ತಣ್ಣಗಿರುವುದು. ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಬೇಸಿಗೆಯ ದೋಣಿ ಮೇಳದಲ್ಲಿ ಗಂಡಸರು ನಟ್ಟು ಬಲವಾಗಿ ಬಿಗಿದು, ಶಾಫ್ಟಿನ ಕೆಳಗೆ ಪೇಪರ್ ಹಾಸಿ, ದಿನವೆಲ್ಲ ದೋಣಿ ಓಡಿಸಿ, ಸಂಜೆ ಪೇಪರ್ ಎತ್ತಿ ತೋರಿಸುತ್ತಾರೆ. ಯಾರದು ಒಣಗಿರುತ್ತದೋ ಅವನಿಗೆ ಬಿಯರ್. ಕ್ಲೆಮ್ ನಾಲ್ಕು ವರ್ಷ ಸತತವಾಗಿ ಗೆದ್ದಿದ್ದ. ಗ್ವೆಂಡಾಳೂ ಪಕ್ಕದಲ್ಲಿ ನಿಂತು ಹಿಗ್ಗಿದವಳೇ.

“ನಾಲ್ಕು ವರ್ಷ ಬಿಗಿದು ಬಿಗಿದು ಸುಟ್ಟೆಯಾ? ನನಗೊಂದು ಮಾತು ಹೇಳಬಾರದಿತ್ತಾ?”

“ಹೇಗೆ ಹೇಳಲಿ ಗ್ವೆನ್? ಹೊಸ ಶಾಫ್ಟ್ ಹಾಕಿಸ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ ಹೀಗಾಯ್ತು.”

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹೊಸ ಹಗ್ಗ ಕತ್ತರಿಸಿ ತುರುಕಿದಳು. ನಟ್ಟು ಬಿಗಿದಳು, ನೀರು ಜಿನುಗಿತು. ಇನ್ನಷ್ಟು ಬಿಗಿದಳು, ಶಾಫ್ಟು ಕೈಯಲ್ಲಿ ತಿರುಗದಾಯಿತು, ನೀರು ಮಾತ್ರ ಆ ಗೀರಿನಲ್ಲೇ ದಾರಿ ಮಾಡಿಕೊಂಡು ಬರುತ್ತಲೇ ಇತ್ತು. ಒಂದು ಗಂಟೆ ಹೆಣಗಿ ಒಳಗೆ ಬಂದಳು.

“ಒಂದು ಕೆಲಸ ಮಾಡು,” ಎಂದ ಕ್ಲೆಮ್. “ಆ ಕೌನ್ಸಿಲ್‌ನವಳು ಬರೋಕೆ ಮುಂಚೆ ಪಂಪ್ ಹಾಕಿ ಒರೆಸಿಬಿಡು. ಅರ್ಧ ಗಂಟೆ ಒಣಗಿದ್ರೆ ಸಾಕು, ನೋಡ್ಕೊಂಡು ಹೋಗ್ತಾಳೆ.”

“ಆಮೇಲೆ? ಬಿಸಿಲಿಲ್ಲ, ಪಂಪಿನ ಸೋಲಾರ್ ಬ್ಯಾಟರಿ ಯಾವತ್ತು ಕೈ ಕೊಡುತ್ತೋ. ನಾನು ನಿದ್ದೆ ಮಾಡೋದು ಬೇಡ್ವಾ? ನೀರು ಮಂಚಕ್ಕೆ ಬಂದ್ರೆ ನಿನ್ನ ಎತ್ತೋಕೆ ನನ್ನ ಕೈಲಾಗಲ್ಲ ಕ್ಲೆಮ್. ಪಕ್ಕದಲ್ಲಿ ಕೂತು ಕೈ ಹಿಡ್ಕೋಬೇಕು, ಅಷ್ಟೇ.”

“ಅದಾದ್ರೂ ಪರವಾಗಿಲ್ಲ. ಅಲ್ಲಿಗೆ ಹೋದವರು ಯಾರು ವಾಪಸ್ ಬಂದಿದಾರೆ?”

ಅವನು ಅಳುತ್ತಿದ್ದ. ಮುಖದ ಒಂದು ಕಡೆ ಮಾತ್ರ ಅಳು ಕಾಣುತ್ತಿತ್ತು. ಆಗಲಿ, ಒರೆಸಿಬಿಡ್ತೀನಿ ಎನ್ನುವ ಮಾತು ಅವಳ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಕೈಯ ಗ್ರೀಸು ತೊಳೆದು ಕೌನ್ಸಿಲ್‌ಗೆ ಫೋನ್ ಮಾಡಿದಳು.

“ಗುರುವಾರದ ತನಕ ಕಾಯಬೇಡಿ,” ಎಂದಳು. “ನಾಳೆನೇ ಬಂದು ಕ್ಲೆಮ್‌ನ ಕರ್ಕೊಂಡು ಹೋಗಿ.”