ಅಲಕಾ ವೈನಿಯ ಮನೆಯ ತಿಗಣೆ

ಉಣ್ಣೆಗೆ ಬೇಗ ಬೆಂಕಿ ಹತ್ತುವುದಿಲ್ಲ. ಅಲಕಾ ಎರಡು ಸಲ ಸೀಮೆಎಣ್ಣೆ ಸುರಿಯಬೇಕಾಯಿತು. ಹಿಂದವಾಡಿಯ ಆ ಮನೆಯ ಹಿತ್ತಲಿನಿಂದ ಕೂದಲು ಸುಟ್ಟ ವಾಸನೆ ಎದ್ದಿತು. ಅಕ್ಕಪಕ್ಕದ ಹೆಂಗಸರು ಮೂಗಿಗೆ ಸೆರಗು ಹಿಡಿದು ಕಂಪೌಂಡಿನ ಆಚೆಯಿಂದ ಇಣುಕತೊಡಗಿದರು. ಸುಡುತ್ತಿದ್ದದ್ದು ಪ್ರಮಿಳಾಳ ಕಂಬಳಿ.

ಪ್ರಮಿಳಾ ಖಾನಾಪುರದವಳು, ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಎಂಟು ತಿಂಗಳಿನಿಂದ ಅಲಕಾಳ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು, ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು. ಅಂದು ಬೆಳಗಿನ ಪಾಳಿ ಮುಗಿಸಿ ಬಂದವಳಿಗೆ ಮೊದಲು ಹೊಗೆ ಕಂಡಿತು, ಆಮೇಲೆ ಕಂಬಳಿಯ ಬಿಳಿ ಅಂಚು. ಅವಳ ಅಪ್ಪ ಸಿದರಾಯ ತನ್ನ ಕುರಿಗಳನ್ನೆಲ್ಲ ಮಾರಿ ಮರದ ನಾಟಾ ಡಿಪೋದಲ್ಲಿ ವಾಚಮನ್ ಆಗಿ ಸೇರುವ ಮೊದಲು ಕಡೆಯ ಸಲ ಕತ್ತರಿಸಿದ ಉಣ್ಣೆ ಅದು. ನೂಲನ್ನೂ ಅವನೇ ನೂತಿದ್ದ. ಮಗಳು ಕೆಲಸಕ್ಕೆ ಹೊರಟ ದಿನ ಮಡಚಿ ಟ್ರಂಕಿನಲ್ಲಿಟ್ಟು ಕೊಟ್ಟಿದ್ದ.

“ನೋಡ್ರಿ, ಎಲ್ಲಾರೂ ನೋಡ್ರಿ!” ಅಲಕಾ ಕಂಪೌಂಡಿನ ಕಡೆ ತಿರುಗಿ ಕೂಗಿದಳು. “ಕುರಿ ಕಾಯೋರ ಮನಿ ಕಂಬಳಿ. ಇದರಾಗ ಢೇಕೂಣ, ತಗಣಿ ತಂದಾಳ. ಇದರ ಮ್ಯಾಲ ಹರದಾಡೂದು ಖುದ್ದ ನನ್ನ ಕಣ್ಣಿಲೆ ನೋಡೀನಿ. ನನ್ನ ಮಗಳ ಮೈ ತುಂಬ ದದ್ದ ಎದ್ದಾವ.”

“ವೈನಿ, ಅದು ನಮ್ಮಪ್ಪ ನೂತದ್ದು. ನನ್ನ ಒಂದ ಮಾತ ಕೇಳದ ಹೆಂಗ ಸುಟ್ರಿ?”

“ತಗಣಿ ತಂದಾಕಿನ್ನ ಕೇಳೂದೇನ? ಸಂಜಿ ಒಳಗ ಖೋಲಿ ಖಾಲಿ ಮಾಡು.”

ಅಲಕಾಳ ಗಂಡ ಬಾಳಕೃಷ್ಣ ಅಡಿಗೆಮನೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಪ್ರಮಿಳಾ ಅವನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ.

ಖಾನಾಪುರದ ಬಸ್ಸಿನಲ್ಲಿ ಅವಳು ಅಳಲಿಲ್ಲ. ಮನೆ ಮುಟ್ಟಿದಾಗ ತಾಯಿ ಸತ್ಯವ್ವ ಟ್ರಂಕು ಇಳಿಸಿಕೊಳ್ಳಲು ಓಡಿ ಬಂದಳು.

“ಮುಟ್ಟಬ್ಯಾಡವ್ವಾ. ಒಳಗ ತರಬ್ಯಾಡ. ಇದರಾಗ ತಗಣಿ ಇದ್ರೂ ಇರಬಹುದು.”

ಟ್ರಂಕು ಅಂಗಳದ ಕಲ್ಲಿನ ಮೇಲೆಯೇ ಉಳಿಯಿತು. ಮರುದಿನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಕುದಿಯುವ ಹಂಡೆಗೆ ಹಾಕಿದರು. ಬಟ್ಟೆ ಖಾಲಿಯಾದ ಮೇಲೆ ಪ್ರಮಿಳಾ ಟ್ರಂಕಿನ ಮೂಲೆಗಳಲ್ಲಿ ಸೂಜಿ ಆಡಿಸಿದಳು. ತಗಡು ಮಡಚಿದ ಒಂದು ಸಂದಿನಿಂದ ಎರಡು ತಿಗಣೆ ಹೊರಬಿದ್ದವು.

“ನಮ್ಮ ಮನ್ಯಾಗಿಂದನ ಹೋಗಿದ್ವೇನ?” ಸತ್ಯವ್ವನ ದನಿ ಸಣ್ಣದಾಯಿತು.

“ನೋಡೇಬಿಡೂಣು.”

ಇಬ್ಬರೂ ಮನೆಯನ್ನು ಬೋರಲು ಹಾಕಿದರು. ಏನು ನೋಡಬೇಕೆಂದು ಪ್ರಮಿಳಾ ತೋರಿಸಿಕೊಟ್ಟಳು: ಗಾದಿಯ ಅಂಚಿನ ಹೊಲಿಗೆಯಲ್ಲಿ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕಿ, ಹಾಸಿಗೆಯ ಮೇಲೆ ಒರೆಸಿದಂಥ ರಕ್ತದ ಕಲೆ, ಕಳಚಿಬಿದ್ದ ತೆಳು ಪೊರೆ. ಮಂಚದ ಕೀಲು ಬಿಚ್ಚಿದರು. ಕ್ಯಾಲೆಂಡರಿನ ಹಿಂದೆ, ಗೋಡೆಯ ಬಿರುಕಿನಲ್ಲಿ, ದೇವರ ಫೋಟೋದ ಬೆನ್ನಿಗೆ ಬೆಳಕು ಬಿಟ್ಟು ನೋಡಿದರು. ಏನೂ ಇರಲಿಲ್ಲ. ಆ ಮನೆಯಲ್ಲಿ ಒಂದೇ ಒಂದು ತಿಗಣೆಯ ಗುರುತಿರಲಿಲ್ಲ.

ಡಿಪೋದಲ್ಲಿ ಎರಡು ದಿನದ ಪಾಳಿ ಮುಗಿಸಿ ಬಂದ ಸಿದರಾಯ ಎಲ್ಲವನ್ನೂ ಕೇಳಿಸಿಕೊಂಡ. “ಪೂರಾ ಸುಟ್ಟಿತೇನ?” ಎಂದಷ್ಟೇ ಕೇಳಿದ.

“ಹೂಂ ಅಪ್ಪಾ.”

ಅವನು ಎದ್ದು ಕಟ್ಟೆಯ ಮೇಲೆ ಹೋಗಿ ಕುಳಿತ. ಎಷ್ಟು ಕರೆದರೂ ಊಟಕ್ಕೆ ಬರಲಿಲ್ಲ. ಪ್ರಮಿಳಾ ಲೋಟದ ಕೆಳಗೆ ಮುಚ್ಚಿಟ್ಟಿದ್ದ ತಿಗಣೆಗಳನ್ನು ಜಜ್ಜಲು ಸಿಟ್ಟಿನಿಂದ ಕಲ್ಲು ಎತ್ತಿಕೊಂಡಳು.

“ಆ ಎರಡು ತಗಣಿ ಕೊಲ್ಲಬ್ಯಾಡ,” ಸತ್ಯವ್ವ ಹೇಳಿದಳು. “ಜ್ವಾಕಿ ಮಾಡಿ ಇಟಗೊ. ಒಂದಿನ ಹೋಗಿ ಆಕಿ ಹಾಸಿಗ್ಯಾಗ ಬಿಟ್ಟು ಬಾ.”

ಪ್ರಮಿಳಾ ಅವನ್ನು ಇಂಜೆಕ್ಷನ್ನಿನ ಖಾಲಿ ಬಾಟಲಿಯಲ್ಲಿ ಹಾಕಿ ಬಾಯಿಗೆ ಹತ್ತಿ ತುರುಕಿದಳು. ಈಗ ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಬಾಟಲಿ ಪರ್ಸಿನಲ್ಲಿರುತ್ತಿತ್ತು. ಕಿಟಕಿ ಪಕ್ಕ ಕೂತು, ಅದನ್ನು ಎಲ್ಲಿ ತೆರೆಯಬೇಕೆಂದು ಲೆಕ್ಕ ಹಾಕುತ್ತಿದ್ದಳು. ಸೋಫಾದ ಗಾದಿಯಲ್ಲೋ, ರೇಷ್ಮೆ ಸೀರೆಗಳ ಕಪಾಟಿನಲ್ಲೋ, ಅಲಕಾಳ ತಲೆದಿಂಬಿನ ಚೀಲದಲ್ಲೋ. ಹಾಗೆ ಯೋಚಿಸಿದ ದಿನ ಅವಳಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ನಿಂಗವ್ವ ಆಸ್ಪತ್ರೆಗೆ ಹುಡುಕಿಕೊಂಡು ಬಂದಳು. ಅಲಕಾಳ ಮನೆಯಲ್ಲಿ ಹತ್ತು ವರ್ಷದಿಂದ ಕಸಮುಸುರೆ ಮಾಡುತ್ತಿದ್ದವಳು. ಮನೆ ವಡಗಾವಿಯಲ್ಲಿ, ಅವಳ ಗಂಡ ಮಗ್ಗದ ಕೆಲಸಗಾರ.

“ನನ್ನೂ ಬಿಡಿಸಿದ್ಲು ತಂಗಿ. ತಗಣಿ ಹೋಗಿಲ್ಲ, ಇನ್ನೂ ಹೆಚ್ಚಾಗ್ಯಾವ. ಈಗ ನಾ ವಡಗಾವಿಯಿಂದ ತಂದೀನಂತ. ‘ನಿಮ್ಮ ಓಣ್ಯಾಗ ಮಂದಿ ಹೆಂಗಿರತಾರ ನನಗ ಗೊತ್ತಿಲ್ಲೇನ’ ಅಂದ್ಲು. ನನ್ನ ಸೊಸಿ ಮುಂದ ಅಂದ್ಲು.”

ಪ್ರಮಿಳಾ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು. “ಅಕ್ಕಾ, ನೀ ಕಸಾ ಹೊಡಿಯೂಮುಂದ ಗ್ವಾಡಿ ಮ್ಯಾಲ ಕಪ್ಪು ಚುಕ್ಕಿ ನೋಡಿದ್ದೇನು?”

“ಹೌದಲ್ಲ! ಅವರ ಮಗಳು ಸಾಯಲಿ ಮಲಗೂ ಮಂಚದ ಹಿಂದ. ಒದ್ದಿ ಅರಬಿಲೆ ಒರಿಸಿದ್ರ ಕೆಂಪಗ ಹತ್ತತಿತ್ತು. ದೀಪಾವಳಿ ಆದಾಗಿಂದ ಒರಸಾಕತ್ತಿದ್ದೆ.”

“ಆ ಮಂಚದ ಕೆಳಗ ಏನೈತಿ?”

“ಏನಿಲ್ಲ. ಸಾಹೇಬರ ಸೂಟಕೇಸ.”

ಪ್ರಮಿಳಾಳಿಗೆ ದೀಪಾವಳಿ ನೆನಪಾಯಿತು. ಬಾಳಕೃಷ್ಣ ಯಂತ್ರದ ಬಿಡಿಭಾಗ ಮಾರುವ ಕಂಪನಿಯವನು, ತಿಂಗಳಿಗೆ ಎರಡು ಸಲ ಊರೂರು ತಿರುಗಿ ಲಾಡ್ಜುಗಳಲ್ಲಿ ಉಳಿಯುವವನು. ದೀಪಾವಳಿ ಹೊತ್ತಿಗೆ ಸೋಲಾಪುರದಿಂದ ಬಂದವನೇ ಹಿತ್ತಲಲ್ಲಿ ಅವಳನ್ನು ಕರೆದು ಪ್ಯಾಂಟು ಮೇಲೆತ್ತಿ ತೋರಿಸಿದ್ದ. ಕಾಲಗಂಟಿನ ಮೇಲೆ ಒಂದೇ ಸಾಲಿನಲ್ಲಿ ಮೂರು ಮೂರು ಕೆಂಪು ಗುಳ್ಳೆ. “ಮುಲಾಮು ಇದ್ರ ಕೊಡವಾ. ಇಕಿಗೆ ಮಾತ್ರ ಹೇಳಬ್ಯಾಡ, ಸುಮ್ನ ಒದರ್ತಾಳ” ಅಂದಿದ್ದ. ಸೊಳ್ಳೆ ಹಾಗೆ ಸಾಲಾಗಿ ಕಚ್ಚುವುದಿಲ್ಲ. ಅವಳಿಗೇ ಆಗ ಹೊಳೆಯಬೇಕಿತ್ತು. ಅವನಿಗೆ ಹೊಳೆದಿತ್ತು. ಹೊಳೆದೂ, ಕಂಬಳಿ ಉರಿಯುವಾಗ ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಅಂದು ಮಧ್ಯಾಹ್ನವೇ ಪ್ರಮಿಳಾ ಬಾಟಲಿಗೆ ಸ್ಪಿರಿಟ್ ಸುರಿದು ಆ ಎರಡು ತಿಗಣೆಗಳನ್ನು ಕೊಂದಳು. ಕೇಳಿ ಸತ್ಯವ್ವ ಸಿಟ್ಟಾದಳು.

“ಹೆದರಿದೇನ?”

“ಹೆದರಿಲ್ಲವ್ವಾ. ಇವನ್ನ ಅಲ್ಲಿ ಬಿಟ್ರ ಆಕಿ ಹೇಳಿದ ಸುಳ್ಳ ಖರೇ ಆಗತೈತಿ. ಅಷ್ಟು ಸಸ್ತಾದಾಗ ಆಕಿನ್ನ ಬಿಡೂದಿಲ್ಲ.”

ರಥಸಪ್ತಮಿಯ ದಿನ ಅಲಕಾಳ ಮನೆಯಲ್ಲಿ ಪ್ರತಿ ವರ್ಷ ಅರಿಷಿಣ-ಕುಂಕುಮ. ಆ ಹೊತ್ತು ಬಾಗಿಲಿಗೆ ಬಂದ ಹೆಣ್ಣನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಸಂಜೆ ಐದಕ್ಕೆ ಪ್ರಮಿಳಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ನಿಂಗವ್ವನನ್ನು ಕರೆದುಕೊಂಡು ಒಳಗೆ ಕಾಲಿಟ್ಟಳು. ಹಾಲಿನಲ್ಲಿ ಬಿಳಿ ಚಾದರ ಹಾಸಿ ಹನ್ನೆರಡು ಮಂದಿ ಹೆಂಗಸರು ಕುಳಿತಿದ್ದರು. ಕಂಪೌಂಡಿನಾಚೆಯಿಂದ ಇಣುಕಿದವರೆಲ್ಲ ಇದ್ದರು.

ಅಲಕಾ ಕುಂಕುಮದ ಬಟ್ಟಲು ಹಿಡಿದು ಇಬ್ಬರನ್ನೂ ದುರುಗುಟ್ಟಿ ನೋಡಿದಳು. ಆದರೂ ಇಬ್ಬರ ಹಣೆಗೂ ಹಚ್ಚಿದಳು.

“ಇಕಿನ ಅಲ್ಲೇನ ಆ ಕಂಬಳಿ ಹುಡುಗಿ?” ಒಬ್ಬಳು ಪಿಸುಗುಟ್ಟಿದಳು.

“ಹೌದ್ರಿ, ನಾನ,” ಪ್ರಮಿಳಾ ಎಲ್ಲರಿಗೂ ಕೇಳುವಂತೆ ಹೇಳಿದಳು. “ಕಂಬಳಿ ಸುಟ್ಟು ಹೆಚ್ಚುಕಡಿಮಿ ತಿಂಗಳಾತು. ಸಾಯಲೀ, ಇಲ್ಲಿ ಬಾ ಪುಟ್ಟಾ.”

ಎಳ್ಳುಬೆಲ್ಲದ ತಟ್ಟೆ ಹಿಡಿದಿದ್ದ ಹದಿನಾಲ್ಕರ ಸಾಯಲಿ ಹತ್ತಿರ ಬಂದಳು. ಪ್ರಮಿಳಾ ಅವಳ ಅಂಗಿಯ ಉದ್ದ ತೋಳನ್ನು ಮೇಲೆ ಸರಿಸಿದಳು. ಮೊಣಕೈಯಿಂದ ಮೇಲಕ್ಕೆ ಸಾಲು ಸಾಲು ಕೆಂಪು ಗುಳ್ಳೆ.

“ಇವು ನಿನ್ನಿ ಮೊನ್ನಿ ಕಡಿದದ್ದು. ಕಂಬಳಿ ಬೂದ್ಯಾಗಿಂದ ಎದ್ದು ಬಂದಾವೇನ್ರಿ ವೈನಿ?”

“ಅದು... ನಿಂಗವ್ವನಿಂದ...” ಅಲಕಾ ತಡವರಿಸಿದಳು.

“ನನ್ನ ಬಿಡಿಸಿ ಎರಡು ವಾರ ಆತಲ್ರಿ ಬಾಯಾರ,” ನಿಂಗವ್ವ ಅಂದಳು. ಅಂದವಳೇ ಯಾರೂ ಹೇಳುವ ಮೊದಲು ಒಳಗೆ ಹೋಗಿ ಸಾಯಲಿಯ ಮಂಚದ ಕೆಳಗಿನ ಸೂಟಕೇಸು ಎಳೆದು ತಂದು ಬಿಳಿ ಚಾದರದ ನಡುವೆ ಇಟ್ಟಳು.

ವರಾಂಡದಲ್ಲಿದ್ದ ಬಾಳಕೃಷ್ಣ ಓಡಿ ಬಂದ. “ಏ, ಅದನ್ನ್ಯಾಕ ತಂದಿ? ಒಳಗಿಡು!”

ಪ್ರಮಿಳಾ ಬ್ಯಾಂಡೇಜು ಕತ್ತರಿಸುವ ಕತ್ತರಿಯಿಂದ ಸೂಟಕೇಸಿನ ಅಸ್ತರನ್ನು ಉದ್ದಕ್ಕೆ ಸೀಳಿದಳು. ಕೊಳೆತ ಹಣ್ಣಿನಂಥ ವಾಸನೆ ಬಂತು. ಅಸ್ತರಿನ ಹಿಂದೆ ಮಸಿ ಚೆಲ್ಲಿದಂತೆ ಕಪ್ಪು ಕಲೆ, ರವೆಯಂಥ ಬಿಳಿ ಮೊಟ್ಟೆ, ಒಣ ಪೊರೆ. ಬೆಳಕು ಬಿದ್ದದ್ದೇ ಚಪ್ಪಟೆ ಕಂದು ತಿಗಣೆಗಳು ಬಿಳಿ ಚಾದರದ ಮೇಲೆ ದಿಕ್ಕಾಪಾಲಾಗಿ ಓಡಿದವು.

ಹನ್ನೆರಡು ಹೆಂಗಸರೂ ಒಟ್ಟಿಗೆ ಎದ್ದರು. ಎಳ್ಳುಬೆಲ್ಲ ಚೆಲ್ಲಿತು. ಒಬ್ಬಳು ಸೀರೆ ಮೊಣಕಾಲಿಗೆ ಎತ್ತಿ ಹಿಡಿದಳು, ಇನ್ನೊಬ್ಬಳು ಮಗುವನ್ನು ಕಂಕುಳಿಗೆ ಎಳೆದುಕೊಂಡಳು.

“ಎಲ್ಲಾರೂ ಹೋಗೂಕಿಂತ ಮದಲ ಒಂದು ಹೇಳ್ರಿ ಅಣ್ಣಾರ,” ಪ್ರಮಿಳಾ ಬಾಗಿಲಿಗೆ ಅಡ್ಡ ನಿಂತಳು. “ಸೋಲಾಪುರದಿಂದ ಬಂದು ನನ್ನ ಕಡೆ ಮುಲಾಮು ಯಾಕ ಇಸ್ಕೊಂಡ್ರಿ?”

ಬಾಳಕೃಷ್ಣನ ಹಣೆಯಲ್ಲಿ ಬೆವರೊಡೆಯಿತು. “ಆ ಲಾಡ್ಜಿನ ಗಾದ್ಯಾಗ ಇದ್ವು. ಮನಿಗೆ ಬರತಾವಂತ ನನಗ ಗೊತ್ತಿರಲಿಲ್ಲ.”

“ಕಂಬಳಿ ಸುಡೂಮುಂದ ಗೊತ್ತಿತ್ತಲ್ಲ?”

ಅವನು ಬಗ್ಗಿ ಸೂಟಕೇಸು ಮುಚ್ಚತೊಡಗಿದ. ಅಲಕಾ ಗಂಡನ ಮುಖವನ್ನು ಹೊಸಬನನ್ನು ನೋಡುವಂತೆ ನೋಡಿದಳು. ಪ್ರಮಿಳಾ ಬಾಗಿಲು ಬಿಟ್ಟು ಸರಿದಳು. ಐದು ನಿಮಿಷದಲ್ಲಿ ಮನೆ ಖಾಲಿಯಾಯಿತು.

“ಈಗ ಏನ ಮಾಡಬೇಕು, ನೀನರ ಹೇಳು,” ಅಲಕಾ ಪ್ರಮಿಳಾಳ ಕಡೆ ತಿರುಗಿ ಕೇಳಿದಳು.

“ನನಗೆಲ್ಲಾ ಗೊತ್ತೈತಿ. ನಿಮಗ ಹೇಳೂದಿಲ್ಲ. ನಿಂಗವ್ವಕ್ಕಗ ಹೇಳೀನಿ. ಬೇಕಂದ್ರ ಆಕಿ ಮನಿಗೆ ಹೋಗಿ ಕೇಳ್ರಿ.”

ಅಲಕಾ ಮೂರು ದಿನ ತಡೆದಳು. ಔಷಧ ಹೊಡೆಸಿದಳು, ಮನೆಯೆಲ್ಲ ನಾರಿತು, ತಿಗಣೆ ಹೋಗಲಿಲ್ಲ. ನಾಲ್ಕನೆಯ ದಿನ ಗಂಡನನ್ನು ಕರೆದುಕೊಂಡು ವಡಗಾವಿಯ ಆ ಇಕ್ಕಟ್ಟು ಓಣಿಗೆ ಹೋದಳು. ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ನಿಂಗವ್ವ ಹೊಸ್ತಿಲ ಮೇಲೆ ಕುಳಿತು ನೂಲು ಸುತ್ತುತ್ತಿದ್ದಳು.

“ನಿಂಗವ್ವಾ, ನಂದು ತಪ್ಪಾತು,” ಅಲಕಾ ಮೆಲ್ಲಗೆ ಹೇಳಿದಳು.

“ಏನಂದ್ರಿ? ಮಗ್ಗದ ಸಪ್ಪಳ ನೋಡ್ರಿ. ಜೋರ ಹೇಳ್ರಿ.”

“ತಪ್ಪಾತು ಅಂದೆ!”

“ಯಾರ ತಪ್ಪ್ರಿ?”

“ನಂದು! ತಗಣಿ ನೀ ತಂದಿಲ್ಲ!”

ಅಷ್ಟರಲ್ಲಿ ಎರಡು ಮಗ್ಗ ನಿಂತಿದ್ದವು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಿಂಗವ್ವ ನೂಲು ಕೆಳಗಿಟ್ಟು, “ಬರ್ರಿ, ಕುಂದರ್ರಿ. ಚಾ ಮಾಡಸ್ತೀನಿ” ಅಂದಳು.

ಆ ವಾರವಿಡೀ ಹಿಂದವಾಡಿಯ ಆ ಮನೆಯಲ್ಲಿ ನಿಂಗವ್ವ ಕುರ್ಚಿಯಲ್ಲಿ ಕುಳಿತು ಹೇಳಿದಳು, ಗಂಡಹೆಂಡತಿ ಮಾಡಿದರು. ಬಾಳಕೃಷ್ಣ ಮಂಚದ ಕೀಲು ಬಿಚ್ಚಿ ಕುದಿಯುವ ನೀರು ಸುರಿದ, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ. ಅಲಕಾ ಹಾಸಿಗೆಬಟ್ಟೆಯನ್ನೆಲ್ಲ ಕುದಿಸಿದಳು. ಗಾದಿಗಳನ್ನು ದಿನಾ ಮಾಳಿಗೆಗೆ ಹೊತ್ತು ಬಿಸಿಲಿಗೆ ಹಾಕಿ ಮಗುಚಿ ಹಾಕಿದಳು. ಮಂಚದ ಕಾಲುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗಳಲ್ಲಿ ನಿಲ್ಲಿಸಿದರು. ಉಳಿದ ಮೊಟ್ಟೆ ಒಡೆದು ಮರಿ ಬರುತ್ತವೆಂದು ಹತ್ತು ದಿನ ಬಿಟ್ಟು ಇಷ್ಟನ್ನೂ ನಿಂಗವ್ವ ಮತ್ತೆ ಮಾಡಿಸಿದಳು. ಮುಂದಿನ ಸಲ ಊರಿಗೆ ಹೊರಟ ಬಾಳಕೃಷ್ಣನಿಗೆ, ಲಾಡ್ಜಿನಲ್ಲಿ ಮೊದಲು ಗಾದಿಯ ಹೊಲಿಗೆ ಅಗಲಿಸಿ ನೋಡು, ಚೀಲ ನೆಲಕ್ಕಿಡಬೇಡ, ಮನೆಗೆ ಬಂದರೆ ಬಟ್ಟೆ ನೇರ ಹಂಡೆಗೆ ಎಂದು ಬಾಯಿಪಾಠ ಮಾಡಿಸಿದಳು.

ಇದನ್ನೆಲ್ಲ ಪ್ರಮಿಳಾ ಅಪ್ಪನಿಗೆ ಹೇಳಿದಳು. ಮಗ್ಗದ ಸಪ್ಪಳದ ಮಾತು ಬಂದಾಗ ಸಿದರಾಯ ನಕ್ಕ. ಮತ್ತೊಮ್ಮೆ ಹೇಳು ಅಂದ. ಮುಂದೊಂದು ದಿನ ಶಹಾಪುರದ ಬಜಾರಿನಲ್ಲಿ ಅಲಕಾ ಇವಳನ್ನು ಕಂಡು ರಸ್ತೆ ದಾಟಿ ಆಚೆ ಹೋದಳು. ಪ್ರಮಿಳಾಳಿಗೆ ಕನಿಕರ ಬರಲಿಲ್ಲ. ಖುಷಿಯಾಯಿತು. ಆ ಖುಷಿ ಬಹಳ ದಿನ ಇತ್ತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸಾಯಲಿ ಸಾಲೆಯ ಯುನಿಫಾರ್ಮಿನಲ್ಲೇ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದಳು. ಗುಳ್ಳೆಗಳೆಲ್ಲ ಮಾಯ್ದಿದ್ದವು.

“ಅಕ್ಕಾ, ಸಾಲ್ಯಾಗ ನನ್ನ ಬಾಜೂಕ ಯಾರೂ ಕುಂದ್ರೂದಿಲ್ಲ,” ಅಂದಳು. “ಸೂಟಕೇಸ ತೋರಿಸಿದ್ರ ಸಾಕಿತ್ತು. ನನ್ನ ಕೈ ಯಾಕ ತೋರಿಸಿದಿ?”

ಪ್ರಮಿಳಾ ಅವಳ ತೋಳಿನ ಕಡೆ ನೋಡಿದಳು. ಆ ದಿನ ಆ ಹುಡುಗಿಯ ತೋಳು ಸರಿಸುವಾಗ ಅದು ಯಾರ ತೋಳೆಂದು ಅವಳು ಯೋಚಿಸಿರಲೇ ಇಲ್ಲ.

“ತಪ್ಪಾತವ್ವಾ,” ಅಂದಳು ಕಡೆಗೆ. “ನಿನಗ ಅಷ್ಟ ಹೇಳತೀನಿ. ನಿಮ್ಮವ್ವ ಅಪ್ಪಗ ಹೇಳೂದಿಲ್ಲ.”

ಸಾಯಲಿ ತಲೆಯಾಡಿಸಿದಳು. ಬಸ್‌ಸ್ಟಾಪಿನ ತನಕ ಇಬ್ಬರೂ ಕೂಡಿ ನಡೆದರು.