ಎತ್ತಿದ ಕೈ

ಮೂಲಂಗಿ ಬೇಯುವ ವಾಸನೆ, ಫುಟ್‌ಬಾಲ್ ಮೈದಾನದ ಗೋಲಿನ ಹಿಂದಿನ ಅಂಗಡಿಯಿಂದ, ಗಾಳಿ ಸಮುದ್ರದ ಕಡೆಯಿಂದ ತಿರುಗಿದಾಗ ಮಾತ್ರ ಬರುತ್ತದೆ, ಹೊಟ್ಟೆ ಗುರುಗುಟ್ಟುತ್ತದೆ, ಆಟದ ದಿನ ಬೆಳಿಗ್ಗೆ ಎರಡು ಅನ್ನದುಂಡೆಗಿಂತ ಹೆಚ್ಚು ತಿನ್ನುವವನಲ್ಲ ನಾನು, ಹದಿನೈದು ವರ್ಷದಿಂದ ಹಾಗೇ, ಆಡಲು ಕರೆಯುತ್ತಾರೋ ಇಲ್ಲವೋ ಅದು ಬೇರೆ ಮಾತು — ಎಡಗಾಲು ಮೇಲೆ, ಬಲಗಾಲು ಮೇಲೆ, ಗೆರೆಯ ಹೊರಗೆ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರುವ ಬದಲಿ ಆಟಗಾರರು ನಾಲ್ವರು, ಮೂವರಿಗೆ ಇಪ್ಪತ್ತೆರಡು ದಾಟಿಲ್ಲ, ನನಗೆ ಮೂವತ್ತನಾಲ್ಕು, ನನ್ನ ಬಲಮೊಣಕಾಲಿಗೆ ಇನ್ನೂ ಹೆಚ್ಚು. ಲೋ ಸೆಗಾವಾ, ಇನ್ನೂ ಬದುಕಿದೀಯೇನೋ, ಮೊದಲ ಸಾಲಿನಿಂದ ಮೀನಂಗಡಿಯ ತೊಕುಜೊ ತಾತನ ಕೂಗು, ಬದುಕಿದೀನಿ ತಾತ, ಮತ್ಯಾಕೋ ಹೆಣ ಹೊತ್ತವನ ಥರ ಓಡ್ತೀಯಾ, ಅವನ ಪಕ್ಕದವರು ನಗುತ್ತಾರೆ, ನಾನೂ ನಗುತ್ತೇನೆ, ಅವನಿಗೆ ಗೊತ್ತಿಲ್ಲ, ಇಲ್ಲಿ ಕೂತ ಯಾರಿಗೂ ಗೊತ್ತಿಲ್ಲ, ಋತುವಿನ ಕೊನೆಯ ಆಟ ಮುಗಿಯುವ ತನಕ ಬಾಯಿ ಬಿಡಬಾರದೆಂಬುದು ಕ್ಲಬ್ಬಿನ ಕಟ್ಟಳೆ. ಮಂಗಳವಾರ ಸೂಟು ಹಾಕ್ಕೊಂಡು ಆಫೀಸಿಗೆ ಬನ್ನಿ ಎಂದು ಫೋನು ಬಂದರೆ ಅಷ್ಟೇ ಸಾಕು, ಮಿಕ್ಕಿದ್ದು ಯಾರೂ ಹೇಳಬೇಕಾಗಿಲ್ಲ, ಸೂಟಿನಲ್ಲಿ ಕರೆಸಿಕೊಂಡು ಒಳ್ಳೆಯ ಸುದ್ದಿ ಯಾರೂ ಹೇಳುವುದಿಲ್ಲ. ವ್ಯವಸ್ಥಾಪಕ ಇಶಿಗುರೊ ಸಾನ್ ಚಹಾ ತರಿಸಿದರು, ಲೋಟದ ಮೇಲಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು, ಮುಂದಿನ ವರ್ಷಕ್ಕೆ ಒಪ್ಪಂದ ಇಲ್ಲ ಸೆಗಾವಾ ಸಾನ್, ಮೂರು ವರ್ಷ ಬಹಳ ದುಡಿದ್ರಿ, ನಾನು ತಲೆ ಬಗ್ಗಿಸಿದೆ, ಅವರೂ ಬಗ್ಗಿಸಿದರು, ನಾನು ಇನ್ನಷ್ಟು ಬಗ್ಗಿಸಿದೆ, ಆಮೇಲೆ ಅವರು ಎರಡು ದಾರಿ ಹೇಳಿದರು: ನಿವೃತ್ತಿ ಅಂತ ನೀವೇ ಹೇಳಿದ್ರೆ ಭಾನುವಾರ ಬೀಳ್ಕೊಡುಗೆ ಹೊತ್ತಲ್ಲಿ ಹೂಗುಚ್ಛ ಕೊಡ್ತೀವಿ, ಹೆಸರು ಕರೀತೀವಿ, ಫೆಬ್ರವರಿಯಿಂದ ನಮ್ಮ ಚಿಕ್ಕ ಮಕ್ಕಳ ಶಾಲೇಲಿ ಕೋಚು, ಇನ್ನೂ ಆಡ್ತೀನಿ ಅಂದ್ರೆ ಹೂವಿಲ್ಲ, ಸೋಮವಾರ ನಿಮ್ಮ ಹೆಸರು ಕೈಬಿಟ್ಟವರ ಪಟ್ಟೀಲಿ ಬರತ್ತೆ, ಬೇರೆ ಕ್ಲಬ್ಬಿನವರು ಬಂದು ನೋಡೋ ಡಿಸೆಂಬರಿನ ಆಯ್ಕೆ ಆಟಕ್ಕೆ ನೀವೇ ಹೋಗ್ಬೇಕು. ಆಟ ಮುಗಿಯೋವರೆಗೂ ಸಮಯ ಕೊಡಿ ಎಂದೆ. ಆಗ್ಲಿ, ಹೂವಿಗಂತೂ ಹೇಳಿಬಿಟ್ಟಿದೀವಿ, ಬೇಡ ಅಂದ್ರೆ ಆಫೀಸಿನ ಮೇಜಿನ ಮೇಲಿಟ್ಕೋತೀವಿ, ತಲೆ ಕೆಡಿಸ್ಕೋಬೇಡಿ.

ತಲೆ ಕೆಟ್ಟಿಲ್ಲ, ಚೆನ್ನಾಗಿಯೇ ಇದೆ, ಆರು ಕ್ಲಬ್ಬು, ಆರು ಊರು, ಆರು ಬಾಡಿಗೆ ಕೋಣೆ, ಒಂದೇ ಜೊತೆ ಪರದೆ, ಮೊದಲ ಊರಿನ ಕಿಟಕಿಗೆ ಕೊಂಡದ್ದು, ಎರಡನೆಯದಕ್ಕೆ ಗಿಡ್ಡವಾಯಿತು, ನಾಲ್ಕನೆಯದಕ್ಕೆ ಉದ್ದವಾಗಿ ನೆಲ ಗುಡಿಸಿತು, ಈಗಿನ ಕೋಣೆಯಲ್ಲಿ ಒಂದು ಗೇಣು ಸಾಲದು, ಆ ಸಂದಿಯಿಂದ ಎದುರಿನ ಕಾರು ನಿಲ್ದಾಣ ಕಾಣುತ್ತದೆ, ಮಣ್ಣಿನ ಪಾತ್ರೆಯಲ್ಲಿ ಒಬ್ಬನಿಗಾಗುವಷ್ಟು ಎಲೆಕೋಸು ಕುದಿಸಿಕೊಂಡು ಅದನ್ನೇ ನೋಡುತ್ತ ಉಣ್ಣುತ್ತೇನೆ, ಅಂಗಡಿಯಲ್ಲಿ ಎಲೆಕೋಸನ್ನು ಕಾಲುಭಾಗ ಕತ್ತರಿಸಿ ಮಾರುತ್ತಾರೆ, ಅದೂ ಮೂರು ದಿನಕ್ಕೆ ಬರುತ್ತದೆ. ಹೆಂಡತಿ ಚಿಗುಸಾ ಮೂರನೆಯ ಊರಿನ ತನಕ ಜೊತೆಗೆ ಬಂದಳು, ಆಮೇಲೆ ತವರಿಗೆ ಹೋಗಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದಳು, ಜಗಳವಿಲ್ಲ, ಪ್ರತಿ ಭಾನುವಾರ ಫೋನು ಮಾಡುತ್ತಾಳೆ, ಮಗಳು ವಾಕಾನಾ ನನ್ನ ಕ್ಲಬ್ಬುಗಳನ್ನು ಮೈದಾನದಲ್ಲಿ ಕುಣಿಯುವ ಅವುಗಳ ಗೊಂಬೆವೇಷದ ಪ್ರಾಣಿಗಳಿಂದ ಎಣಿಸುತ್ತಾಳೆ, ಅಳಿಲು, ಕೊಕ್ಕರೆ, ಕರಡಿ, ಇನ್ನೊಂದು ಕರಡಿ, ಜಿಂಕೆ, ಏಡಿ. ಮಂಗಳವಾರ ನಾನೇ ಫೋನು ಮಾಡಿದೆ, ಭಾನುವಾರವಲ್ಲದ ದಿನ ಮಾಡಿದ್ದಕ್ಕೇ ಚಿಗುಸಾಗೆ ತಿಳಿಯಿತು, ಹೌದಾ, ಅಂದಳು, ನೀನು ಎಲ್ಲಿಗಾದ್ರೂ ಹೋಗು, ಆಡು, ನಾನು ಬೇಡ ಅನ್ನಲ್ಲ, ಆದ್ರೆ ವಾಕಾನಾ ಶಾಲೆ ಬದಲಾಯ್ಸಲ್ಲ, ಗೊತ್ತು ಎಂದೆ, ಹಿಂದೆ ನೀರು ಸುರಿಯುವ ಸದ್ದು, ಪಾತ್ರೆ ತೊಳೆಯುತ್ತಿದ್ದಳು, ಮೊಣಕಾಲು ಹೇಗಿದೆ, ಚೆನ್ನಾಗಿದೆ, ಸುಳ್ಳು ಹೇಳ್ಬೇಡ, ಚೆನ್ನಾಗಿದೆ ಅಂದ್ನಲ್ಲ, ಅಪ್ಪಾ ಈ ಸಲ ಯಾವ ಪ್ರಾಣಿ, ದೂರದಿಂದ ಮಗಳು, ಇನ್ನೂ ಗೊತ್ತಿಲ್ಲ ಪುಟ್ಟಾ. ಇನ್ನೊಂದು ವರ್ಷ ಯಾಕೆ ಬೇಕು ಎಂದು ಚಿಗುಸಾ ಕೇಳಲಿಲ್ಲ, ಕೇಳಿದ್ದರೆ ಹೇಳಲು ಉತ್ತರ ಇತ್ತು, ಎಂಟು ವರ್ಷದಿಂದ ಒಂದೇ ಉತ್ತರ, ಯಾರಿಗೂ ಹೇಳಿಲ್ಲ — ನಾನು ನಿಧಾನದವನಲ್ಲ. ಅಷ್ಟೇ. ಅವತ್ತು ನಾನು ನಿಧಾನವಾಗಿರಲಿಲ್ಲ, ಕೈ ಎತ್ತಿದೆ, ಅದಕ್ಕೇ ಆಯಿತು. ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಬೇಕಿದ್ದ ಆಟ, ಸಮ ಆದರೂ ಸಾಕು, ಎಂಬತ್ತೆಂಟನೆಯ ನಿಮಿಷ, ಎಡಗಡೆಯಿಂದ ನಾನು ಕೊಟ್ಟ ಚೆಂಡು ನಮ್ಮವನ ಕಾಲಿಗೆ ಸಿಗದೆ ಅವರ ಪಾಲಾಯಿತು, ನಾನು ಹಿಂದೆ ತಿರುಗಿ ಗೋಲು ಕಾಯುವ ಗೋಲಿಯತ್ತ ಬಲಗೈ ಎತ್ತಿದೆ, ತಲೆ ಬಗ್ಗಿಸಿದೆ, ಕ್ಷಮಿಸಿ — ಗೋಲಿ ಕಾಮೊಶಿತಾ, ನನಗಿಂತ ಎರಡು ವರ್ಷ ಹಿರಿಯ, ಹೈಸ್ಕೂಲಿನಲ್ಲಿ ಒಂದು ವರ್ಷ ಅವನ ಬೂಟು ಒರೆಸಿದ್ದೇನೆ, ಅವನ ಮುಂದೆ ತಪ್ಪಾದರೆ ಕತ್ತು ತಾನಾಗಿ ಬಾಗುತ್ತದೆ, ಯೋಚಿಸಿ ಮಾಡುವುದಲ್ಲ — ತಲೆ ಎತ್ತುವಷ್ಟರಲ್ಲಿ ಅವರ ಬಲ ಅಂಚಿನ ಆಟಗಾರ ನನ್ನನ್ನು ದಾಟಿ ಹೋಗಿದ್ದ, ಗೋಲು, ನಾವು ಏರಲಿಲ್ಲ, ಇಡೀ ಊರು ಅತ್ತಿತು. ಆಗಿನ ಬ್ರೆಜಿಲಿನ ಕೋಚು ಜಾಂದಿರ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂಗಿಗೆ ಮೂಗು ತಾಗಿಸಿ ಕೂಗಿದ, ಒಂದು ನಿಮಿಷ, ಎರಡು ನಿಮಿಷ, ಗೋಡೆಗೆ ನೀರಿನ ಬಾಟಲಿ ಎಸೆದ, ನಮ್ಮ ದುಭಾಷಿ ಟೈ ಸರಿಮಾಡಿಕೊಂಡು ಹೇಳಿದ, ಕ್ಷಮೆ ಸ್ವಲ್ಪ ಆಮೇಲೆ ಕೇಳಿದ್ರೆ ಒಳ್ಳೇದಿತ್ತು ಅಂತಿದ್ದಾರೆ. ಬಸ್ಸಿನಲ್ಲಿ ಕಾಮೊಶಿತಾ ಪಕ್ಕಕ್ಕೆ ಬಂದು ಕೂತ, ಬೆನ್ನಿಗೊಂದು ಗುದ್ದಿದ, ತಲೆ ಬಗ್ಗಿಸ್ದೇ ಇದ್ದಿದ್ರೆ ಅವನನ್ನ ಹಿಡೀತಿದ್ದೆ ಕಣೋ ನೀನು, ಕತ್ತೆ. ಬೈದದ್ದಲ್ಲ, ಸಮಾಧಾನ ಹೇಳಿದ್ದು. ಹಿಡೀತಿದ್ದೆ. ಆ ಒಂದು ಮಾತು ಹಿಡಿದುಕೊಂಡು ನಾಲ್ಕು ಊರು ದಾಟಿದ್ದೇನೆ, ಎರಡನೆಯ ದರ್ಜೆಯಿಂದ ಮೂರನೆಯದಕ್ಕೆ ಇಳಿದಿದ್ದೇನೆ, ಮೊಣಕಾಲು ಎರಡು ಸಲ ಕೊಯ್ಯಿಸಿಕೊಂಡಿದ್ದೇನೆ, ಅವತ್ತಿನ ಆ ಒಂದು ಸೆಕೆಂಡು ಕಳೆದರೆ ನಾನು ಸರಿಯಾದ ಆಟಗಾರ, ಲೆಕ್ಕ ಇಷ್ಟೇ.

ಸೆಗಾವಾ ಸಾನ್, ಕರೀತಿದಾರೆ, ಬದಲಿ ಹುಡುಗನೊಬ್ಬ ತೋಳು ತಟ್ಟುತ್ತಾನೆ, ಎಂಬತ್ತೊಂದನೆಯ ನಿಮಿಷ, ಅವರದೊಂದು ಗೋಲು, ನಮ್ಮದೊಂದು, ಸಮ, ಹದಿನಾಲ್ಕನೆಯ ಸ್ಥಾನದ ನಮಗೂ ಹದಿನಾರನೆಯ ಸ್ಥಾನದ ಅವರಿಗೂ ಗೆದ್ದರೂ ಸೋತರೂ ಏನೂ ಆಗುವುದಿಲ್ಲ, ಕೋಚು ನನ್ನ ಕಣ್ಣು ನೋಡುವುದಿಲ್ಲ, ಹುಲ್ಲು ನೋಡಿಕೊಂಡು ಹೋಗಿ ಖುಷಿಯಿಂದ ಆಡಿ ಅನ್ನುತ್ತಾನೆ, ಅವನಿಗೆ ಗೊತ್ತಿದೆ, ಬೀಳ್ಕೊಡುಗೆಗೆಂದೇ ಇಳಿಸುತ್ತಿದ್ದಾನೆ, ಖುಷಿಯಿಂದ ಆಡು ಎಂದು ನನಗೆ ಹದಿನೈದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಒಳಗೆ ಬರುತ್ತೇನೆ, ಹುಲ್ಲು ಒದ್ದೆ, ಮೊದಲ ಚೆಂಡು ಸರಿ ಹೋಗುತ್ತದೆ, ಎರಡನೆಯದೂ ಸರಿ, ಮೊಣಕಾಲು ಸುಮ್ಮನಿದೆ, ಆಡಬಹುದು, ಇನ್ನೊಂದು ವರ್ಷ ಆಡಬಹುದು, ಹೂವು ಅವರೇ ಇಟ್ಟುಕೊಳ್ಳಲಿ, ಆಫೀಸಿನ ಮೇಜಿಗೂ ಒಂದು ಅಂದ ಬೇಕು, ಇಶಿಗುರೊ ಸಾನ್, ದಯವಿಟ್ಟು ಬೇಡ, ನಾನು ಡಿಸೆಂಬರಿಗೆ ಹೋಗ್ತೀನಿ, ಹೀಗೇ ಹೇಳುತ್ತೇನೆ, ಮಾತು ಸಿದ್ಧವಾಗಿದೆ — ಮೂರನೆಯ ಚೆಂಡು ಎಡ ಅಂಚಿನಿಂದ ಒಳಕ್ಕೆ ಕೊಡುತ್ತೇನೆ, ಅದು ಒದ್ದೆ ಹುಲ್ಲಿನಲ್ಲಿ ನಿಂತುಬಿಡುತ್ತದೆ, ಅವರವನು ಕಾಲು ಚಾಚಿ ಎಳೆದುಕೊಂಡು ಮುಂದಕ್ಕೆ ಒದೆಯುತ್ತಾನೆ, ಅವರ ಬಲ ಅಂಚಿನವನು ಓಡುತ್ತಾನೆ, ಅವನಿಗೆ ಹತ್ತೊಂಬತ್ತು ವರ್ಷ, ಬೆಳಿಗ್ಗೆ ಪಟ್ಟಿಯಲ್ಲಿ ಓದಿದ್ದೆ, ನನ್ನ ಬಲ ತೋಳು ಭುಜದಲ್ಲಿ ಮಿಡುಕುತ್ತದೆ, ಏಳಲು ನೋಡುತ್ತದೆ, ಏಳುವುದಿಲ್ಲ, ಏಳಲು ಬಿಡುವುದಿಲ್ಲ ನಾನು, ಕತ್ತು ಬಾಗುವುದಿಲ್ಲ, ಗೋಲಿಯ ಕಡೆ ನೋಡುವುದಿಲ್ಲ, ತಿರುಗಿ ಓಡುತ್ತೇನೆ, ಅರೆಗಳಿಗೆ ಕೂಡ ಕಳೆಯದೆ, ಎಂಟು ವರ್ಷ ಕನಸಿನಲ್ಲಿ ಓಡಿದಂತೆ ಓಡುತ್ತೇನೆ, ಅವನು ಮುಂದೆ, ಹಳದಿ ಬೂಟು, ಎರಡು ಮಾರು ದೂರ, ಹಿಡಿಯುತ್ತೇನೆ, ಉಸಿರು ಕಿವಿಯೊಳಗೆ ಸದ್ದು ಮಾಡುತ್ತದೆ, ಹಳದಿ ಬೂಟಿನ ಹಿಮ್ಮಡಿ ಎದ್ದು ಬೀಳುತ್ತದೆ, ಕೆಸರು ನನ್ನ ಗಲ್ಲಕ್ಕೆ ಸಿಡಿಯುತ್ತದೆ, ಎರಡು ಮಾರು, ಮೊಣಕಾಲು ನೋಯುತ್ತಿಲ್ಲ, ಅದನ್ನು ದೂರಲಾರೆ, ಗಾಳಿ ನನ್ನ ಬೆನ್ನಿಗಿದೆ, ಅದನ್ನೂ ದೂರಲಾರೆ, ಎರಡು ಮಾರು, ಅವನು ಪೂರ್ತಿ ಓಡುತ್ತಲೂ ಇಲ್ಲ, ಒಮ್ಮೆ ಹಿಂದೆ ತಿರುಗಿ ನೋಡುವಷ್ಟು ಪುರುಸೊತ್ತು ಅವನಿಗಿದೆ, ನೋಡಿದ, ಮತ್ತೆ ಮುಂದೆ ನೋಡಿ ಒದ್ದ. ಚೆಂಡು ಗೋಲಿನ ಕಂಬದ ಮೇಲಿಂದ ಹಾದು ಮೂಲಂಗಿ ಅಂಗಡಿಯ ಚಪ್ಪರಕ್ಕೆ ಬಡಿಯಿತು. ಭಲೇ ಸೆಗಾವಾ, ಇವತ್ತು ಓಡಿದ್ಯಲ್ಲೋ, ತೊಕುಜೊ ತಾತ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ, ಗಂಡಸು ಕಣೋ ನೀನು, ಅವನ ಸುತ್ತಲಿನವರೂ ತಟ್ಟುತ್ತಾರೆ, ಗೋಲಾಗಲಿಲ್ಲ, ಯಾರ ಕಣ್ಣಿಗೂ ಏನೂ ಬೀಳಲಿಲ್ಲ, ಗೋಲಿ ಕೂಡ ಹೆಬ್ಬೆರಳು ಎತ್ತಿ ತೋರಿಸಿದ. ನಾನು ಮೊಣಕಾಲ ಮೇಲೆ ಕೈಯೂರಿ ನಿಂತಿದ್ದೇನೆ. ಕೈ ಎತ್ತಲಿಲ್ಲ. ತಲೆ ಬಗ್ಗಿಸಲಿಲ್ಲ. ಆದರೂ ಹಿಡಿಯಲಿಲ್ಲ. ವಯಸ್ಸು ಎಂದುಕೊಳ್ಳಬಹುದು, ಅವತ್ತು ಇಪ್ಪತ್ತಾರು, ಅವತ್ತಿನ ಕಾಲೇ ಬೇರೆ — ಆದರೆ ಅವತ್ತಿನ ವಿಡಿಯೊ ಎಷ್ಟು ಸಲ ನೋಡಿದ್ದೇನೆ, ಪ್ರತಿ ಸಲ ಕೈ ಎತ್ತಿದಲ್ಲಿಗೆ ನಿಲ್ಲಿಸಿ ಮುಚ್ಚಿದ್ದೇನೆ, ಅಲ್ಲಿಂದ ಮುಂದಿನ ಓಟ ಒಂದು ಸಲವೂ ಪೂರ್ತಿ ನೋಡಿಲ್ಲ, ಯಾಕೆ ನೋಡಲಿಲ್ಲ, ಈಗ ಕೇಳಿಕೊಳ್ಳುತ್ತಿದ್ದೇನೆ, ನೋಡಿದ್ದರೆ ಅಲ್ಲೂ ಅಷ್ಟೇ ದೂರ ಇರುತ್ತಿತ್ತು, ಕಡಿಮೆಯಾಗದ ದೂರ, ಕಾಮೊಶಿತಾ ನೋಡಿದ್ದ, ಹಿಂದೆ ನಿಂತು ಎಲ್ಲ ನೋಡುವವನು ಗೋಲಿ, ನೋಡಿಯೂ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು ಹಾಗೆ ಹೇಳಿದ. ಒಳ್ಳೆಯವನು. ಸೀಟಿ. ಮುಗಿಯಿತು. ಸಾಲಾಗಿ ನಿಲ್ಲುತ್ತೇವೆ, ಜನರಿಗೆ ತಲೆ ಬಗ್ಗಿಸುತ್ತೇವೆ, ಏಡಿ ಗೊಂಬೆವೇಷದವನೂ ಬಗ್ಗುತ್ತಾನೆ, ಅವನ ಕೊಂಡಿ ನೆಲಕ್ಕೆ ತಾಗುತ್ತದೆ, ನಾಯಕ ಮೈಕು ಹಿಡಿದು ಈ ವರ್ಷ ನಿರೀಕ್ಷೆಯಂತೆ ಆಡಲಾಗಲಿಲ್ಲ ಎನ್ನುತ್ತಾನೆ, ಪ್ರತಿ ವರ್ಷ ಯಾವನೋ ಒಬ್ಬ ನಾಯಕ ಇದನ್ನೇ ಎನ್ನುತ್ತಾನೆ, ಇಶಿಗುರೊ ಸಾನ್ ಸಾಲಿನ ಹಿಂದಿನಿಂದ ನಡೆದು ಬರುತ್ತಾರೆ, ಹೂಗುಚ್ಛ ಬೆನ್ನ ಹಿಂದೆ, ಪ್ಲಾಸ್ಟಿಕ್ಕು ಗಾಳಿಗೆ ಚರಚರ ಅನ್ನುತ್ತದೆ, ಏನ್ ಮಾಡೋಣ ಸೆಗಾವಾ ಸಾನ್, ಮೈಕಿನವರು ಕಾಯ್ತಿದಾರೆ, ಪಿಸುಮಾತು, ನಾನು ಸಿದ್ಧ ಮಾಡಿಟ್ಟ ಮಾತು ಹುಡುಕುತ್ತೇನೆ, ಸಿಗುತ್ತದೆ, ಬಾಯಿಗೆ ಬರುವುದಿಲ್ಲ, ಕೊಡಿ, ಎನ್ನುತ್ತೇನೆ, ಏನಂದ್ರಿ, ಹೂವು ಕೊಡಿ, ಫೆಬ್ರವರಿಗೆ ಬರ್ತೀನಿ. ಅವರು ಉಸಿರು ಬಿಡುತ್ತಾರೆ. ಹೆಸರು ಕರೆಯುತ್ತಾರೆ, ಹದಿನೈದು ವರ್ಷ, ಆರು ಕ್ಲಬ್ಬು, ಇನ್ನೂರ ಎಂಬತ್ತೇಳು ಆಟ, ಜನ ಅಯ್ಯೋ ಅನ್ನುತ್ತಾರೆ, ಆಮೇಲೆ ಚಪ್ಪಾಳೆ, ತೊಕುಜೊ ತಾತನ ಸದ್ದಿಲ್ಲ, ಮೈಕು ನನ್ನ ಬಾಯಿಯ ಹತ್ತಿರ, ಏನಾದರೂ ಹೇಳಬೇಕು, ಧನ್ಯವಾದ, ಇಲ್ಲಿಯವರೆಗೆ ನೀವೆಲ್ಲರೂ, ನನ್ನನ್ನು, ಹಳದಿ ಬೂಟು, ಹಿಮ್ಮಡಿ ಏಳುತ್ತದೆ, ಕೆಸರು, ನಾನು ಓಡುತ್ತಿದ್ದೇನೆ, ಪೂರ್ತಿ ಓಡುತ್ತಿದ್ದೇನೆ, ಹಳದಿ ಬೂಟು, ಎರಡು ಮಾರು, ಹಳದಿ ಬೂಟು, ಎರಡು ಮಾರು