ಹುಲಿಗೂ ಎತ್ತಿಗೂ ಆದ ಅವಮಾನ

ನಾನು ಬರೆದದ್ದು ಮಕ್ಕಳ ನಾಟಕ. ಆದರೆ ನಮ್ಮ ಕನ್ನಡ ಸಂಘದ ಹಿರಿಯರಿಗೆ ನಾಟಲಿ ಎಂದೇ ಬರೆದದ್ದು. ಪುಣೆಯ ಈ ಸಂಘಕ್ಕೆ ಇರುವುದು ಒಂದು ಸಭಾಂಗಣ, ಅದರ ಮೇಲೊಂದು ಕೋಣೆ. ಆ ಕೋಣೆಯಲ್ಲಿ ಭಾನುವಾರ ನಾನು, ಹೊರಗೆ ಬರೀ ಮರಾಠಿ ಮಾತಾಡುವ ನಮ್ಮ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇನೆ. ಅಧ್ಯಕ್ಷ ರಘುರಾಮರಿಗೆ ಅದು ತಮ್ಮ ಭಾವಮೈದುನನ ಕೇಟರಿಂಗ್ ಪಾತ್ರೆ ಇಡಲು ಬೇಕಾಗಿತ್ತು. ನಮಗೆ ಬೇರೆ ಜಾಗವಿಲ್ಲ. ಕೋಣೆ ಹೋದರೆ ತರಗತಿಯೂ ಹೋದಂತೆ.

ನೇರವಾಗಿ ಹೇಳಿದರೆ ಜಗಳವಾಗುತ್ತದೆ, ಪ್ರಾಣಿಗಳ ಬಾಯಲ್ಲಿ ಹೇಳಿಸಿದರೆ ನಗುತ್ತ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಕಾಡಿನ ಕೆರೆ ಕಾಯಲು ನರಿಯನ್ನು ನೇಮಿಸುತ್ತಾರೆ. ನರಿ ತನ್ನ ನೆಂಟರನ್ನೆಲ್ಲ ಕರೆತಂದು ಕೆರೆದಂಡೆಯಲ್ಲಿ ಕೂರಿಸುತ್ತದೆ. ಕೇಳಬೇಕಾದ ಹುಲಿ ನಿದ್ದೆ ಹೊಡೆಯುತ್ತದೆ, ಎತ್ತು ಎಲ್ಲದಕ್ಕೂ ತಲೆಯಾಡಿಸುತ್ತದೆ. ಕೊನೆಗೆ ಮರಿಗಳಿಗೆ ಕುಡಿಯಲು ನೀರಿಲ್ಲ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ರಾಜ್ಯೋತ್ಸವದ ತಯಾರಿ, ಕೋಣೆಯ ವಿಷಯ, ಎರಡಕ್ಕೂ ಒಂದೇ ಸಭೆ ಕರೆದಿದ್ದರು. ನಾನು ನಾಟಕ ಓದಿ ಮುಗಿಸುವಷ್ಟರಲ್ಲಿ ಹೋಟೆಲ್ ನಡೆಸುವ ಲೀಲಾಕ್ಷಿ ಎದ್ದು ನಿಂತರು.

"ಹುಲಿಯನ್ನು ಸೋಮಾರಿ ಮಾಡಿದ್ದೀರಲ್ಲ ಸ್ನೇಹಲ್, ಇದು ಸರಿಯಾ? ನವರಾತ್ರಿಗೆ ನಮ್ಮ ಮನೆಯ ಗಂಡುಮಕ್ಕಳು ಹರಕೆ ಹೊತ್ತು ಹುಲಿವೇಷ ಹಾಕುವುದು. ದೇವಿಯ ವಾಹನ ಮಾರಾಯ್ರೆ ಅದು!"

ಅವರು ಕೂರುವ ಮೊದಲೇ ಬಟ್ಟೆ ವ್ಯಾಪಾರಿ ರಾಮಲಿಂಗಪ್ಪ ಎದ್ದರು. "ನೋಡವಾ ತಂಗಿ, ಎತ್ತಂದ್ರ ನಮಗ ಬಸವಣ್ಣ. ಬಸವಣ್ಣಗ ಬುದ್ಧಿ ಇಲ್ಲಂತ ಬರದೀಯಲ್ಲ? ನಮ್ಮ ವಿಜಾಪುರದಾಕಿ ಆಗಿ ಹಿಂಗ ಬರೀಬೌದೇನು?"

"ಹಂಗಾರ ಎತ್ತಿನ ಬದ್ಲಿ ಕ್ವಾಣ ಮಾಡ್ತೀನ್ರಿ ಕಾಕಾ," ಎಂದೆ.

"ಕೋಣವಾ?" ಲೀಲಾಕ್ಷಿ ಮತ್ತೆ ಎದ್ದರು. "ಕಂಬಳದ ಕೋಣವನ್ನು ನಮ್ಮಲ್ಲಿ ಮಕ್ಕಳ ಹಾಗೆ ಸಾಕುತ್ತಾರೆ, ಗೊತ್ತುಂಟಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಹುಲಿ ಯಾರು, ಎತ್ತು ಯಾರು, ಕೆರೆ ಯಾವುದು ಎಂದು ಒಬ್ಬರಾದರೂ ಕೇಳಬಾರದೇ? ಮುಖ ನೋಡಿಕೊಳ್ಳಿ ಎಂದು ಕನ್ನಡಿ ಕೊಟ್ಟರೆ ಅದಕ್ಕೇ ಕುಂಕುಮ ಹಚ್ಚಿ ಕೈಮುಗಿಯುವ ಜನ! ನರಿಯ ಪರವಾಗಿ ಮಾತ್ರ ಯಾರೂ ಏಳಲಿಲ್ಲ. ಪಾಪ, ಅದಕ್ಕೆ ಭಕ್ತರಿಲ್ಲ.

ರಘುರಾಮರು ಎಲ್ಲರನ್ನೂ ಸುಮ್ಮನಾಗಿಸಿದರು. "ಹುಲಿ, ಎತ್ತು ಎರಡನ್ನೂ ತೆಗೆದುಬಿಡಿ. ನರಿ ಇರಲಿ, ನಂದೇನೂ ತಕರಾರಿಲ್ಲ," ಎಂದು ನನ್ನನ್ನೇ ನೋಡಿ ನಕ್ಕರು. ಇಡೀ ಸಭೆಯಲ್ಲಿ ನಾಟಕ ಅರ್ಥವಾದದ್ದು ಅವರೊಬ್ಬರಿಗೇ.

"ನಾಟಕಾನ ಬ್ಯಾಡ್ರಿ," ಎಂದೆ. "ಸೀದಾ ಹೇಳ್ತೀನಿ. ಮ್ಯಾಲಿನ ಖೋಲಿ ಅಧ್ಯಕ್ಷರ ಭಾವಮೈದುನಗ ಕೊಡಬ್ಯಾಡ್ರಿ. ಮಕ್ಕಳ ಕನ್ನಡ ನಿಂತು ಹೋಗ್ತದ."

ಈಗ ಯಾರ ಭಾವನೆಗೂ ನೋವಾಗಲಿಲ್ಲ. ರಾಮಲಿಂಗಪ್ಪ ಮೊಬೈಲ್ ನೋಡತೊಡಗಿದರು. ಕೋಣೆ ಕೊಡಲು ಒಪ್ಪುವವರು ಕೈ ಎತ್ತಿ ಎಂದು ರಘುರಾಮರು ಹೇಳಿದಾಗ, ಮೊಬೈಲ್‌ನಿಂದ ಕಣ್ಣು ತೆಗೆಯದೆಯೇ ಅವರು ಕೈ ಎತ್ತಿದರು. ಲೀಲಾಕ್ಷಿಯವರ ಕೈಯೂ ಮೇಲೆ ಹೋಯಿತು.

"ಅಧ್ಯಕ್ಷರ ಹತ್ತಿರ ನಿಷ್ಠುರ ನಮಗ್ಯಾಕೆ ಮಾರಾಯ್ತಿ," ಎಂದು ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. ಅವರ ಮೊಮ್ಮಗಳು ಯಶ್ಮಿತಾ ಹಿಂದಿನ ಭಾನುವಾರವಷ್ಟೇ, ಅದೇ ಕೋಣೆಯಲ್ಲಿ ಕೂತು, ಮೊದಲ ಸಲ ತನ್ನ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆದಿದ್ದಳು.